ಮೇಷ್ಟ್ರನ್ನು ಬೇಸಿಗೆಯ ಪಾಠಕ್ಕೆ ಕರೆಯುವ ವಿಚಾರ

ಹೊನೊಲುಲು

ತೀರ್ಥರೂಪರಾದ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ. ಮುಂದಿನ ಬೇಸಿಗೆಯಲ್ಲಿ ಆರು ವಾರ ಇಲ್ಲಿಗೆ ಬಂದು ಎರಡು ತರಗತಿಗಳನ್ನು ನಡೆಸಿಕೊಡಬೇಕೆಂದು ನನಗೆ ತರ್ಕಶಾಸ್ತ್ರ ಕಲಿಸಿದ ನಮ್ಮ ಮೇಷ್ಟ್ರನ್ನು ಕೇಳಿಕೊಳ್ಳಲು ನಾನು ಪಾಠ ಹೇಳುವ ತತ್ವಶಾಸ್ತ್ರ ವಿಭಾಗ ತೀರ್ಮಾನಿಸಿದೆ. ವಿಶ್ವವಿದ್ಯಾಲಯದ ಆಹ್ವಾನಪತ್ರ ಅವರಿಗೆ ನೇರವಾಗಿ ಬರುತ್ತದೆ. ಅದಕ್ಕೂ ಮೊದಲು ತಾವು ಅಮ್ಮನೊಡನೆ ಅವರ ಮನೆಗೆ ಹೋಗಿ ಫಲತಾಂಬೂಲ ಕೊಟ್ಟು ಕರೆಯಬೇಕೆಂದು ನನ್ನ ಪ್ರಾರ್ಥನೆ. ಅಂಥ ಹಿರಿಯರನ್ನು ಬರೀ ಕಾಗದದಲ್ಲಿ ಕರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ಭಾರತೀಯ ದರ್ಶನಗಳು ಇಲ್ಲಿಗೆ ಹೊಸವಲ್ಲ. ಪೂರ್ವ-ಪಶ್ಚಿಮ ದಾರ್ಶನಿಕರ ಮೊದಲ ಸಮ್ಮೇಳನ 1939ರಲ್ಲಿ ಈ ಹವಾಯಿ ವಿಶ್ವವಿದ್ಯಾಲಯದಲ್ಲೇ ನಡೆಯಿತು. ಮೈಸೂರಿನ ಹಿರಿಯಣ್ಣನವರು 1932ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ದರ್ಶನಗ್ರಂಥವನ್ನು ನನ್ನ ವಿದ್ಯಾರ್ಥಿಗಳು ಓದುತ್ತಾರೆ. ಆದರೆ ಮೂಲಗ್ರಂಥವನ್ನು ಪಂಕ್ತಿ ಪಂಕ್ತಿಯಾಗಿ ಬಿಡಿಸುವ ಗುರುವಿನ ಎದುರು ಕೂತು ಕೇಳುವ ಪಾಠ ಅವರಿಗೆ ಇನ್ನೂ ದೊರೆತಿಲ್ಲ.

ಈಚೆಗೆ ವಿದ್ಯಾರ್ಥಿನಿಯೊಬ್ಬಳು, ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವ ಅನುಮಾನಕ್ಕೆ ಅರಿಸ್ಟಾಟಲನಿಗೆ ಮೂರು ವಾಕ್ಯಗಳು ಸಾಕಾದರೆ, ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರಿಗೆ ಐದೇಕೆ ಬೇಕಾಯಿತೆಂದು ಕೇಳಿದಳು. ತಾನು ತಿಳಿದುಕೊಳ್ಳುವ ಸ್ವಾರ್ಥಾನುಮಾನಕ್ಕೂ ಇನ್ನೊಬ್ಬರಿಗೆ ತಿಳಿಸಿಕೊಡುವ ಪರಾರ್ಥಾನುಮಾನಕ್ಕೂ ಅನ್ನಂಭಟ್ಟನು ತರ್ಕಸಂಗ್ರಹವೆಂಬ ನ್ಯಾಯದ ಪ್ರವೇಶಗ್ರಂಥದಲ್ಲಿ ಮಾಡುವ ಭೇದವನ್ನು ಹೇಳಿ, ಪ್ರತಿಜ್ಞೆಯೆಂಬ ಮೊದಲ ಹೇಳಿಕೆಯಿಂದ ನಿಗಮನವೆಂಬ ತೀರ್ಮಾನದವರೆಗಿನ ಐದು ಅವಯವಗಳು, ಎಂದರೆ ವಾಕ್ಯಗಳು, ಎದುರಿಗೊಬ್ಬ ಕೇಳುವವನಿದ್ದಾಗ ಬೇಕಾಗುವುವೆಂದು ವಿವರಿಸಿದೆ. ಅವಳು ಒಪ್ಪಿದಳು, ನನಗೆ ಮಾತ್ರ ತೃಪ್ತಿಯಾಗಲಿಲ್ಲ. ಬೆಟ್ಟದ ಮೇಲೆ ಹೊಗೆ ಕಂಡು, ಅಡುಗೆಮನೆಯ ಒಲೆಯಂತೆ ಅಲ್ಲಿಯೂ ಬೆಂಕಿಯಿದೆಯೆಂದು ತಿಳಿಯುವ ಉದಾಹರಣೆಯೊಂದನ್ನೇ ಹಿಡಿದು ಮೇಷ್ಟ್ರು ಒಂದು ಗಂಟೆ ಪೂರ್ವಪಕ್ಷ, ಎಂದರೆ ಎದುರುವಾದ, ಹೂಡುತ್ತಿದ್ದರು. ಹೊಗೆಯಿದ್ದಲ್ಲಿ ಬೆಂಕಿಯಿದೆ, ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂದರೆ ಹೊಗೆಯಿಲ್ಲದೆ ಕೆಂಪಾಗಿ ಕಾದ ಕಬ್ಬಿಣದ ಗತಿಯೇನು ಎಂದು ಕೇಳಿ, ನಮ್ಮಲ್ಲೊಬ್ಬರು ಉತ್ತರ ಕಂಡುಕೊಳ್ಳುವವರೆಗೂ ಸುಮ್ಮನೆ ಕಾಯುತ್ತಿದ್ದರು. ಈ ಮಕ್ಕಳಿಗೂ ಆ ಪಾಠ ಆಗಲೇಬೇಕೆಂಬ ಹಂಬಲ ನನ್ನದು.

ಒಂದು ತರಗತಿ ತರ್ಕಸಂಗ್ರಹಕ್ಕೆಂದು ನಿಶ್ಚಯವಾಗಿದೆ, ಇನ್ನೊಂದರ ವಿಷಯವನ್ನು ಅವರೇ ಆರಿಸಲಿ. ವಿನಿಮಯ ಸಂದರ್ಶಕರಿಗೆ ಅಮೆರಿಕ ಕೊಡುವ ಜೆ-1 ವೀಸಾಕ್ಕೆ ಬೇಕಾದ ಡಿಎಸ್-2019 ನಮೂನೆಯನ್ನು ವಿಶ್ವವಿದ್ಯಾಲಯ ಕಳುಹಿಸುತ್ತದೆ. ಅದು ಕೈಸೇರಿದ ಮೇಲೆಯೇ ವೀಸಾ ಸಂದರ್ಶನ. ಆರೋಗ್ಯವಿಮೆ ಕಡ್ಡಾಯ, ಅದರ ಖರ್ಚು ವಿಭಾಗದ್ದು. ಊಟದ ಬಗ್ಗೆ ಅವರಿಗೆ ಅಳುಕಿದ್ದೀತು: ಸ್ವಯಂಪಾಕಕ್ಕೆ ಅನುಕೂಲವಾದ ವಸತಿ ನೋಡಿದ್ದೇನೆ, ಒಂಟಿಯಾಗಿರುವುದು ಬೇಡವೆಂದರೆ ನಮ್ಮ ಮನೆಯಲ್ಲೇ ಇರಬಹುದು.

ಸಾಕಷ್ಟು ವಿದ್ಯಾರ್ಥಿಗಳು ಹೆಸರು ನೋಂದಾಯಿಸಿದರಷ್ಟೇ ಬೇಸಿಗೆ ತರಗತಿ ನಡೆಯುತ್ತದೆಯಾದ್ದರಿಂದ ಬೇಗನೆ ಪ್ರಕಟಿಸಬೇಕಾಗಿದೆ. ಅವರು ಒಪ್ಪಿದೊಡನೆ ಪಾಸ್‌ಪೋರ್ಟಿನ ಅವಧಿ ಎಲ್ಲಿಯವರೆಗಿದೆಯೆಂದು ನೋಡಿ ತಿಳಿಸಬೇಕು.

ಇಂತಿ ತಮ್ಮ ಆಶೀರ್ವಾದ ಬೇಡುವ,
ಮಗಳು