ಸರ್ಕಸ್ಸಿನವರ ಬಟ್ಟೆಯನ್ನೂ ನೋಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಚಿತ್ರಕಾರ ಮಾರ್ಕ್ ಶಗಾಲ್ ಅವರ ಕನಸಿನಂಥ ಸರ್ಕಸ್ ಚಿತ್ರಗಳ ಬಗ್ಗೆ ಬಂದ ಲೇಖನ ಓದಿದೆ. ಆ ಚಿತ್ರಗಳಲ್ಲಿ ಇರುವವರು ಭಾರವೇ ಇಲ್ಲದ ಜೀವಗಳು ಅಂತ ಲೇಖಕರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ.

ನಾನು ಬ್ರಹ್ಮಪುರದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಮೊದಲೆಲ್ಲ ಊರಲ್ಲಿ ಸರ್ಕಸ್ ಡೇರೆ ಬಿದ್ದರೆ ಅವರ ಬಟ್ಟೆ ರಿಪೇರಿಗೆ ನನ್ನ ಹತ್ತಿರವೇ ಬರುತ್ತಿದ್ದವು. ಹರಿದಿರುತ್ತಿದ್ದುದು ಜಾಸ್ತಿ ಕಂಕುಳಲ್ಲಿ. ಕೈ ಮೇಲೆತ್ತಿ ಜೋತು ಬಿದ್ದರೆ ಬಟ್ಟೆ ಜಗ್ಗುವುದು ಅಲ್ಲೇ ಅಲ್ವಾ? ಬೆವರಿಗೆ ಬಟ್ಟೆ ಎಷ್ಟು ಸೋತಿರುತ್ತಿತ್ತು ಅಂದರೆ ಸೂಜಿ ಚುಚ್ಚಿದಲ್ಲೇ ಪಿಸಿಯುತ್ತಿತ್ತು. ಮೈಯೆಲ್ಲ ಚಮ್ಕಿ ಇದ್ದ ಒಂದು ಉಡುಪಿಗೆ ಮಣಿಕಟ್ಟಿನ ಹತ್ತಿರ ಮಾತ್ರ ಏನೂ ಇರಲಿಲ್ಲ. ಯಾಕೆ ಅಂತ ಕೇಳಿದೆ. “ಹಿಡಿಯುವವನ ಕೈ ಜಾರುತ್ತದೆ ದೀದಿ” ಅಂದಳು ಆ ಹುಡುಗಿ.

ಶಗಾಲ್ ಕೂಡ ಸುಮ್ನೆ ಕನಸು ಕಂಡು ಬರೆದವರಲ್ಲ. 1927ರ ಸುಮಾರಿಗೆ ವೊಲಾರ್ ಎಂಬ ಚಿತ್ರ ವ್ಯಾಪಾರಿ ಅವರಿಗೆ ಸರ್ಕಸ್ ಚಿತ್ರ ಬರೆಯಲು ಹೇಳಿದ್ದರು. ಪ್ಯಾರಿಸ್ಸಿನ ‘ಸಿರ್ಕ್ ದಿವೇರ್’ ಎಂಬ ಸರ್ಕಸ್ಸಿನಲ್ಲಿ ವೊಲಾರ್ ಅವರಿಗೆ ಕಾಯಂ ಜಾಗ ಇತ್ತು, ಶಗಾಲ್ ಅಲ್ಲಿ ಕೂತು ನೋಡುತ್ತಿದ್ದರು. ಚಿತ್ರದಲ್ಲಿ ಅವರನ್ನು ಹಾರಿಸಿದ್ದು ಹೀಗೆ ಕಣ್ಣಾರೆ ನೋಡಿದ ಮೇಲೆ.

ಲೇಖನದಲ್ಲಿ ಪಿಕಾಸೊ ಹೆಸರು ಒಂದೇ ಸಾಲಿನಲ್ಲಿ ಮುಗಿದಿದೆ. 1905ರ ಅವರ ದೊಡ್ಡ ಚಿತ್ರ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ. ಸರ್ಕಸ್ಸಿನ ಕುಟುಂಬ ಬೋಳು ಬಯಲಲ್ಲಿ ನಿಂತಿದೆ. ಡೇರೆ ಇಲ್ಲ, ನೋಡುವ ಜನ ಇಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಎತ್ತರದವನ ಬಟ್ಟೆ ನಮ್ಮ ಕೌದಿಯ ಹಾಗೆ ತುಂಡು ತುಂಡು ಸೇರಿಸಿದ್ದು. ಹಾಗೆ ಓರೆಯಾಗಿ ಕತ್ತರಿಸಿದ ತುಂಡು ಜಗ್ಗಿದಷ್ಟೂ ಹಿಗ್ಗುತ್ತದೆ, ಹೊಲಿಯುವವರ ಗೋಳು ಹೊಲಿದವರಿಗೇ ಗೊತ್ತು. ಆಟ ಮುಗಿದ ಮೇಲೆ ಅವರು ಹೇಗಿರುತ್ತಾರೆ ಅಂತ ಬರೆದ ಚಿತ್ರ ಅದು. ನನಗೆ ಶಗಾಲ್‌ಗಿಂತ ಇದೇ ಹೆಚ್ಚು ಹಿಡಿಸಿತು.

ನಮ್ಮ ಕಲಬುರಗಿಯ ಚಿತ್ರಕಾರ ಎಸ್.ಎಂ. ಪಂಡಿತರು ಪುರಾಣದ ಹೆಂಗಸರನ್ನು ಬರೆದಾಗಲೂ ಸೆರಗಿನ ಮಡಿಕೆ ಬಿಡುತ್ತಿರಲಿಲ್ಲ. ಬಟ್ಟೆಗೆ ತೂಕ ಇದೆ ಅಂತ ಅವರಿಗೆ ಗೊತ್ತಿತ್ತು.

ಕೊನೆಗೊಂದು ದೂರು. ಶಗಾಲ್ 1950ರಲ್ಲಿ ಬರೆದ ‘ನೀಲಿ ಸರ್ಕಸ್’ ಚಿತ್ರವನ್ನು ನೀವು ಕಪ್ಪು-ಬಿಳುಪಿನಲ್ಲಿ ಹಾಕಿದ್ದೀರಿ! ಕೆಂಪು ಉಡುಪಿನ ಟ್ರಪೀಜ್ ಹುಡುಗಿ, ಹಸಿರು ಕುದುರೆ, ಎರಡೂ ಒಂದೇ ಬೂದಿ ಬಣ್ಣ. ಮಗಳು ಮೊಬೈಲಿನಲ್ಲಿ ತೋರಿಸಿದ್ದಕ್ಕೆ ನನಗೆ ಗೊತ್ತಾಯಿತು. ಅದೇ ಪುಟದ ಕೆಳಗೆ ಸೀರೆ ಅಂಗಡಿಯ ಜಾಹೀರಾತಿಗೆ ಬಣ್ಣ ಇತ್ತು. ಮುಂದಿನ ವಾರ ಎರಡನ್ನೂ ಅದಲು ಬದಲು ಮಾಡಿ.

— ಒಬ್ಬ ಓದುಗಿ, ಬ್ರಹ್ಮಪುರ, ಕಲಬುರಗಿ