ಹಳೆಯ ಕಾರಿನ ಕರೆಂಟ್ ದೋಷ: ಬಿಡಿಭಾಗ ಬದಲಿಸುವ ಮೊದಲು ಅಳೆದು ನೋಡಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ಮಲೆನಾಡು ಮತ್ತು ಕರಾವಳಿಯ ಗ್ಯಾರೇಜುಗಳಿಗೆ ಒಂದೇ ಬಗೆಯ ದೂರು ಹೊತ್ತ ಹಳೆಯ ಕಾರುಗಳು ಬರತೊಡಗುತ್ತವೆ. ಓಡುತ್ತಿರುವಾಗಲೇ ಕರೆಂಟ್ ಹೋಗಿ ಎಂಜಿನ್ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತದೆ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ, ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿದ್ದರೂ ತೋಟದ ಮನೆಗಳಲ್ಲಿ, ಸಣ್ಣ ವ್ಯಾಪಾರಿಗಳ ಬಳಿ ಇವೇ ಇನ್ನೂ ದಿನನಿತ್ಯದ ವಾಹನಗಳು. ಇವುಗಳ ಮಾಲೀಕರು ಈ ದೋಷಕ್ಕೆ ತೆರುತ್ತಿರುವ ಅನಗತ್ಯ ಹಣದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರಲ್ಲಿರುವ ಅಪಾಯದ ಬಗ್ಗೆ ಈ ಪತ್ರ.

ನಮ್ಮ ಮನೆಯ ಕಾರಿಗೆ ಈ ತೊಂದರೆ ಬಂದಾಗ ಗ್ಯಾರೇಜಿನಲ್ಲಿ ಮೊದಲು ಬ್ಯಾಟರಿ ಬದಲಿಸಿದರು, ಅದರಿಂದ ಸರಿಹೋಗದಿದ್ದಾಗ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಿಸಿದರು. ಕೊನೆಗೆ ಬೇರೊಬ್ಬ ಆಟೊ ಎಲೆಕ್ಟ್ರೀಷಿಯನ್ ಮೀಟರ್ ಹಿಡಿದು ನೋಡಿದಾಗ, ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಅರ್ಥ್ ತಂತಿ (ಕರೆಂಟ್ ಬ್ಯಾಟರಿಗೆ ಹಿಂತಿರುಗುವ ದಾರಿ) ಬೋಲ್ಟಿನ ಬುಡದಲ್ಲಿ ತುಕ್ಕು ಹಿಡಿದಿದ್ದುದು ಗೊತ್ತಾಯಿತು. ತಂತಿಯನ್ನು ಕಳಚಿ, ಉಜ್ಜಿ, ಬಿಗಿ ಮಾಡಿದ್ದಷ್ಟೇ ರಿಪೇರಿ. ಇದು ನಮ್ಮೊಬ್ಬರ ಕಥೆಯಲ್ಲ. ಪರಿಚಿತರಲ್ಲಿ ಹಳೆಯ ಕಾರು ಇಟ್ಟುಕೊಂಡ ಬಹಳಷ್ಟು ಮಂದಿ ಇಂಥದ್ದನ್ನೇ ಹೇಳುತ್ತಾರೆ.

ಬರುತ್ತ ಹೋಗುತ್ತ ಇರುವ ಕರೆಂಟಿನ ದೋಷಕ್ಕೆ ಕಾರಣ ಸಾಮಾನ್ಯವಾಗಿ ಕೆಟ್ಟುಹೋದ ಬಿಡಿಭಾಗವಲ್ಲ, ಸಡಿಲವಾದ ಅಥವಾ ಕಿಲುಬು ಹಿಡಿದ ಜೋಡಣೆ. ಎರಡು ಹೆಡ್‌ಲೈಟ್‌ಗಳು ಒಟ್ಟಿಗೆ ಉರಿಯುವಾಗ ಸುಮಾರು 10 ಆಂಪಿಯರ್ ವಿದ್ಯುತ್ ಹರಿಯುತ್ತದೆ. ದಾರಿಯಲ್ಲಿರುವ, ತಂತಿಗೆ ತಂತಿ ಸೇರಿಸುವ ಒಂದು ಕಪ್ಲರ್‌ನಲ್ಲಿ ಕಿಲುಬಿನಿಂದ 0.2 ಓಮ್‌ನಷ್ಟು ಪ್ರತಿರೋಧ ಸೇರಿಕೊಂಡರೂ ಅಲ್ಲಿಯೇ 2 ವೋಲ್ಟ್ ನಷ್ಟವಾಗಿ, 20 ವ್ಯಾಟ್ ಶಾಖ ಆ ಪುಟ್ಟ ಜೋಡಣೆಯಲ್ಲೇ ಹುಟ್ಟುತ್ತದೆ. ಬಿಸಿಯಾದ ಪಿನ್ ಹಿಗ್ಗಿ ಸಂಪರ್ಕ ತಪ್ಪುತ್ತದೆ, ತಣಿದ ಮೇಲೆ ಮತ್ತೆ ಸಂಪರ್ಕ ಕೂಡುತ್ತದೆ. ಕಾರು ಗ್ಯಾರೇಜು ತಲುಪುವಷ್ಟರಲ್ಲಿ ಎಲ್ಲವೂ ಸರಿಯಿರುವುದಕ್ಕೆ, ಮೆಕ್ಯಾನಿಕ್ ಊಹೆಯ ಮೇಲೆ ಬ್ಯಾಟರಿ ಬದಲಿಸುವುದಕ್ಕೆ ಇದೇ ಕಾರಣ. ಪ್ಲಾಸ್ಟಿಕ್ ಕಪ್ಲರ್ ಕರಗಿ ಹೊಗೆಯಾಡುವುದೂ ಇಂಥ ಕಡೆಯಲ್ಲೇ.

ಎಂಜಿನ್ ಬಂದ್ ಇರುವಾಗ ಮೀಟರ್ ಇಟ್ಟು 12.6 ವೋಲ್ಟ್ ಕಂಡಕೂಡಲೇ ವೈರಿಂಗ್ ಸರಿಯಿದೆ ಎನ್ನುವ ರೂಢಿ ನಮ್ಮಲ್ಲಿದೆ. ಅದರಿಂದ ತಿಳಿಯುವುದು ಬ್ಯಾಟರಿ ಚಾರ್ಜ್ ಆಗಿದೆ ಎಂಬುದಷ್ಟೇ. ಹೊರೆ, ಅಂದರೆ ದೀಪ ಅಥವಾ ಸೆಲ್ಫಿನಂತೆ ಕರೆಂಟ್ ಎಳೆಯುವ ಸಾಧನ, ಚಾಲೂ ಇಲ್ಲದಿದ್ದಾಗ ಎಷ್ಟೇ ಕೆಟ್ಟ ಜೋಡಣೆಯೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕಡಿಮೆ ವ್ಯಾಟಿನ ಟೆಸ್ಟ್ ಲ್ಯಾಂಪ್ ಕೂಡ ಅದರ ಮೂಲಕ ಚೆನ್ನಾಗಿಯೇ ಉರಿದೀತು. ದೋಷ ಬಯಲಾಗಬೇಕಾದರೆ ಹೊರೆ ಹಾಕಿ ಅಳೆಯಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೆ (ಮೇಲಿನ ಕ್ಲಾಂಪಿಗಲ್ಲ, ಕಂಬಕ್ಕೇ), ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಮುಟ್ಟಿಸಿಟ್ಟು, ಮತ್ತೊಬ್ಬರು ಸೆಲ್ಫ್ ಹೊಡೆದಾಗ ಮೀಟರ್ 0.2 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲಬೇಕು. ಅರ್ಧ ವೋಲ್ಟೋ ಒಂದು ವೋಲ್ಟೋ ತೋರಿಸಿದರೆ ಅರ್ಥ್ ದಾರಿಯಲ್ಲಿ ತೊಡಕಿದೆ ಎಂದರ್ಥ. ಸೆಲ್ಫ್ ಮೋಟಾರ್ ಎಳೆಯುವ ಕರೆಂಟ್ ಸಣ್ಣ ಕಾರಿನಲ್ಲೂ 100 ಆಂಪಿಯರಿನ ಆಚೀಚೆ ಇರುತ್ತದೆ. ಅಷ್ಟು ಕರೆಂಟಿಗೆ ಅರ್ಥ್ ತಂತಿಯಲ್ಲಿ ದಾರಿ ಸಿಗದಿದ್ದರೆ ಅದು ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಮೂಲಕ ಹರಿಯುತ್ತದೆ. ಸೆಲ್ಫ್ ಹೊಡೆದ ಮೇಲೆ ಆ ಕೇಬಲ್ ಬಿಸಿಯಾಗಿದ್ದರೆ ಅರ್ಥ್ ತಂತಿಯನ್ನು ತಕ್ಷಣ ನೋಡಬೇಕು.

ಮಾಲೀಕರು ಗಮನಿಸಿ ಹೇಳಬಹುದಾದ ಸಂಗತಿಯೂ ಒಂದಿದೆ. ಕರೆಂಟ್ ಹೋದಾಗ ಮೀಟರ್ ಬೋರ್ಡ್ ಮತ್ತು ಎಂಜಿನ್ ಸತ್ತರೂ ಹೆಡ್‌ಲೈಟ್ ಉರಿಯುತ್ತಲೇ ಇದ್ದರೆ, ಸ್ಟೀರಿಯೊದ ಗಡಿಯಾರವೂ ತಪ್ಪದಿದ್ದರೆ, ಮೊದಲ ಸಂಶಯ ಸವೆದ ಇಗ್ನಿಷನ್ ಸ್ವಿಚ್ (ಕೀ ತಿರುಗಿಸುವ ಸ್ವಿಚ್) ಮತ್ತು ಅದರ ಕಪ್ಲರ್ ಮೇಲೆ ಹೋಗಬೇಕು. ಹೆಡ್‌ಲೈಟ್ ಸಹ ಆರಿ ಗಡಿಯಾರ ಹೊಸದಾಗಿ ಶುರುವಾಗಿದ್ದರೆ ಬ್ಯಾಟರಿಯ ಟರ್ಮಿನಲ್, ಮೇನ್ ಫ್ಯೂಸ್, ಅರ್ಥ್ ಇವನ್ನು ನೋಡಬೇಕು. ಇಷ್ಟು ವಿವರ ಸಿಕ್ಕರೆ ಒಳ್ಳೆಯ ಎಲೆಕ್ಟ್ರೀಷಿಯನ್ನಿನ ಅರ್ಧ ಕೆಲಸ ಮುಗಿದಂತೆ. ಇಗ್ನಿಷನ್ ಸ್ವಿಚ್ಚನ್ನು ಯಾರೂ ಹಗುರವಾಗಿ ಕಾಣಬಾರದು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಈ ಸ್ವಿಚ್ಚಿನ ದೋಷಕ್ಕಾಗಿಯೇ. ಭಾರವಾದ ಕೀಗೊಂಚಲಿನಿಂದಲೋ ರಸ್ತೆಯ ಕುಲುಕಾಟದಿಂದಲೋ ಕೀ ಜಾರಿ, ಓಡುತ್ತಿರುವ ಎಂಜಿನ್ ನಿಂತು, ಏರ್‌ಬ್ಯಾಗ್ ಕೂಡ ತೆರೆದುಕೊಳ್ಳದೆ 124 ಜನ ಸತ್ತರೆಂದು ಆ ಸಂಸ್ಥೆಯ ಪರಿಹಾರ ನಿಧಿಯೇ ಒಪ್ಪಿಕೊಂಡಿತು. ನಮ್ಮಲ್ಲಿ ಮನೆ, ಅಂಗಡಿ, ಗೇಟಿನ ಬೀಗದ ಕೈಗಳನ್ನೆಲ್ಲ ಕಾರಿನ ಕೀಗೇ ಪೋಣಿಸುವ ಅಭ್ಯಾಸವಿದೆ. ಸ್ವಿಚ್ ಸವೆದ ಹಳೆಯ ಕಾರಿನಲ್ಲಾದರೂ ಅದನ್ನು ಬಿಡಬೇಕು.

ಗ್ಯಾರೇಜುಗಳಲ್ಲಿ ಕೂಡಲೇ ನಿಲ್ಲಬೇಕಾದ ರೂಢಿಗಳೂ ಇವೆ. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯೇ ಎಂದು ತಿಳಿಯಲು ಎಂಜಿನ್ ಚಾಲೂ ಇರುವಾಗಲೇ ಬ್ಯಾಟರಿಯ ಟರ್ಮಿನಲ್ ಕಳಚಿ ನೋಡುತ್ತಾರೆ. ಆ ಕ್ಷಣದಲ್ಲಿ ವೋಲ್ಟೇಜ್ ಒಮ್ಮೆಲೇ ಏರಿ ಆಲ್ಟರ್ನೇಟರಿನ ಡಯೋಡ್ ಅಥವಾ ಎಂಪಿಎಫ್ಐ (ಎಲೆಕ್ಟ್ರಾನಿಕ್ ಇಂಧನ ಸಿಂಪಡಣೆಯ) ಕಾರಿನ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟುಹೋಗಬಹುದು. ಮೀಟರ್ ಇದ್ದರೆ ಇದರ ಅಗತ್ಯವೇ ಇಲ್ಲ: ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಿದೆ. ಪದೇ ಪದೇ ಹೋಗುವ ಫ್ಯೂಸಿನ ಜಾಗದಲ್ಲಿ ದೊಡ್ಡ ಫ್ಯೂಸ್ ಅಥವಾ ತಾಮ್ರದ ಎಳೆ ಹಾಕುವುದು ಬೆಂಕಿಗೆ ದಾರಿ. ಹೆಚ್ಚುವರಿ ಹಾರ್ನ್, ಫಾಗ್ ಲ್ಯಾಂಪುಗಳಿಗೆ ರಿಲೇ (ಹೆಚ್ಚಿನ ಕರೆಂಟನ್ನು ತಾನು ಹೊರುವ, ಸ್ವಿಚ್ಚಿನಿಂದ ನಡೆಯುವ ಉಪಸ್ವಿಚ್) ಇಲ್ಲದೆ, ಮೂಲ ವೈರನ್ನೇ ಸುಲಿದು ಟೇಪ್ ಸುತ್ತಿ ಕರೆಂಟ್ ಕೊಡುವುದೂ ಹಾಗೆಯೇ.

ಆಗುಂಬೆಯ ತಿರುವುಗಳಲ್ಲಿ ರಾತ್ರಿ ಮಳೆಯೊಳಗೆ ಇಳಿಯುವಾಗ ದೀಪ, ವೈಪರ್, ಎಂಜಿನ್ ಒಟ್ಟಿಗೆ ನಿಂತರೆ ಏನಾಗಬಹುದು ಎಂಬುದನ್ನು ಈ ಭಾಗದವರಿಗೆ ವಿವರಿಸಬೇಕಿಲ್ಲ. ಅಂಥ ಹೊತ್ತಿನಲ್ಲಿ ಕೀಯನ್ನು ಲಾಕ್ ಸ್ಥಾನಕ್ಕೆ ತಿರುಗಿಸಿ ಹೊರಗೆ ತೆಗೆಯಬಾರದು, ತೆಗೆದರೆ ಸ್ಟೀರಿಂಗ್ ಬಿಗಿದುಕೊಳ್ಳುತ್ತದೆ. ಬೂಸ್ಟರ್ (ಎಂಜಿನ್ನಿನ ನಿರ್ವಾತದಿಂದ ಪೆಡಲಿಗೆ ಬಲ ಕೂಡಿಸುವ ಭಾಗ) ಇರುವ ಬ್ರೇಕಿನಲ್ಲಿ ಉಳಿದಿರುವ ನಿರ್ವಾತ ಒಂದೆರಡು ಒತ್ತಿಗೆ ಮಾತ್ರ ಸಾಕಾಗುವುದರಿಂದ, ಪೆಡಲನ್ನು ಬಿಟ್ಟು ಬಿಟ್ಟು ತುಳಿಯದೆ ಒಂದೇ ಸಮನೆ ಗಟ್ಟಿಯಾಗಿ ತುಳಿದು ಬದಿಗೆ ನಿಲ್ಲಿಸಬೇಕು. ಆಗ ಇಂಡಿಕೇಟರ್‌ಗಳೂ ಉರಿಯದಿರಬಹುದಾದ್ದರಿಂದ ಹಿಂದೆ ಇಡಲು ಪ್ರತಿಫಲಕ ತ್ರಿಕೋನವೊಂದು ಕಾರಿನಲ್ಲಿರಲೇಬೇಕು.

ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ವಾಹನದ ಸುಸ್ಥಿತಿ ತಪಾಸಣೆ ನಡೆಯುತ್ತದೆ. ಅಲ್ಲಿ ದೀಪ ಉರಿಯುತ್ತದೆಯೇ ಎಂದು ನೋಡಿದರೆ ಸಾಲದು. ಎಲ್ಲ ದೀಪಗಳನ್ನೂ ವೈಪರನ್ನೂ ಒಟ್ಟಿಗೆ ಹಾಕಿಸಿ, ಹೆಡ್‌ಲೈಟಿನ ಪಿನ್ನಿನಲ್ಲಿ ಮತ್ತು ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ, ನಡುವೆ ಎಷ್ಟು ನಷ್ಟವಾಗಿದೆ ಎಂದು ಅಳೆದು ಬರೆದುಕೊಳ್ಳಲು ಕೆಲವೇ ನಿಮಿಷ ಬೇಕು, ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಸಾರಿಗೆ ಇಲಾಖೆ ಈ ಪರೀಕ್ಷೆಯನ್ನು ತಪಾಸಣೆಯಲ್ಲಿ ಸೇರಿಸಬೇಕು. ಐಟಿಐಗಳ ಮೋಟಾರ್ ಮೆಕ್ಯಾನಿಕ್ ವಿದ್ಯಾರ್ಥಿಗಳಿಗೆ ಹೊರೆ ಹಾಕಿ ಅಳೆಯುವ ಕ್ರಮವನ್ನು ನಿಜವಾದ ಹಳೆಯ ಕಾರುಗಳ ಮೇಲೆಯೇ ಮಾಡಿಸಬೇಕು. ಗ್ಯಾರೇಜಿನವರು ಬ್ಯಾಟರಿಯನ್ನೋ ಆಲ್ಟರ್ನೇಟರನ್ನೋ ಬದಲಿಸುವ ಮೊದಲು ಅಳತೆಯ ಅಂಕಿಗಳನ್ನು ಬಿಲ್ಲಿನಲ್ಲಿ ಬರೆದು ಕೊಡಬೇಕು. ಬರೆಯದಿದ್ದರೆ ಬರೆದುಕೊಡಿ ಎಂದು ಮಾಲೀಕರು ಕೇಳಿ ಪಡೆಯಬೇಕು.

ಇತಿ,
ಹಳೆಯ ಕಾರಿನ ಮಾಲೀಕರೊಬ್ಬರು
ತೀರ್ಥಹಳ್ಳಿ