ಬೇಟೆಗೆ ಸೀಸದ ಗುಂಡು ಮಾರುವುದನ್ನು ನಿಲ್ಲಿಸುತ್ತಿದ್ದೇವೆ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಇಂಗ್ಲಿಷ್ ಪತ್ರ ಹೋದ ವಾರವೇ ನಿಮ್ಮ ಕೈ ಸೇರಿದೆ. ಅದರಲ್ಲಿ ಇದ್ದದ್ದು ನಾಲ್ಕೇ ಸಾಲು. ಡೆನ್ವರ್, ಡಲ್ಲಾಸ್, ಬೇ ಏರಿಯಾದಿಂದ ಪ್ರತಿ ವರ್ಷ ಬೇಟೆಗೆ ಕೊಲೊರಾಡೊದ ಗನಿಸನ್‌ಗೆ, ನಮ್ಮ ಕೋವಿ ಅಂಗಡಿಗೆ ಬರುವ ನಮ್ಮ ಕನ್ನಡದವರಿಗೆ ಆ ನಾಲ್ಕು ಸಾಲು ಸಾಕಾಗಲಿಲ್ಲ. ಮೂರು ದಿನದಿಂದ ಫೋನ್ ಕೆಳಗಿಡೋಕೆ ಆಗಿಲ್ಲ. ಕೆಲವರು ಬೈದರು, ಕೆಲವರು ನಕ್ಕರು, ಒಬ್ಬರು "ನೀವೂ ಹೀಗಾದ್ರಾ ಅಣ್ಣ" ಅಂತ ಕೇಳಿ ಫೋನ್ ಇಟ್ಟರು. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದವಾಗಿದೆ.

ವಿಷಯ ಇಷ್ಟು. ಸೆಪ್ಟೆಂಬರ್ 1ರಿಂದ ಜಿಂಕೆ ಮತ್ತು ಎಲ್ಕ್ (ಕಡವೆಯಂಥ ದೊಡ್ಡ ಪ್ರಾಣಿ) ಬೇಟೆಗೆ ನಾವು ಕೊಡುವ ರೈಫಲ್ ತೋಟಾಗಳಲ್ಲಿ ತಾಮ್ರದ ಗುಂಡು ಮಾತ್ರ ಇರುತ್ತದೆ. ಒಳಗೆ ಸೀಸ, ಮೇಲೆ ತಾಮ್ರದ ಹೊದಿಕೆ ಇರುವ ಗುಂಡನ್ನು ಬೇಟೆಗೆಂದು ಮಾರುವುದಿಲ್ಲ. ಹಳೆಯ ಸ್ಟಾಕ್ ಮುಗಿಯುವ ತನಕ ಅದನ್ನು ನಮಗೆ ಬಿದ್ದ ಬೆಲೆಗೇ ಕೊಡುತ್ತೇವೆ, ಕಾಗದಕ್ಕೆ ಗುರಿಯಿಟ್ಟು ಅಭ್ಯಾಸ ಮಾಡೋಕೆ.

ಇದು ಯಾರ ಆದೇಶವೂ ಅಲ್ಲ. ಕೊಲೊರಾಡೊದಲ್ಲಿ ಸೀಸದ ಗುಂಡಿನಿಂದ ಎಲ್ಕ್ ಹೊಡೆಯುವುದಕ್ಕೆ ಈಗಲೂ ಅಡ್ಡಿಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸ ಪೂರ್ತಿ ಬಂದ್, ಬೇ ಏರಿಯಾದವರಿಗೆ ಅದು ಗೊತ್ತೇ ಇದೆ. ಇಲ್ಲಿ ನಿರ್ಧಾರ ಮಾಡಿದ್ದು ನಾನು ಮತ್ತು ನನ್ನ ತಮ್ಮ. ಬೈಯುವುದಿದ್ದರೆ ನಮಗೇ ಬೈಯಿರಿ.

ಯಾಕೆ ಅಂತ ಹೇಳಬೇಕಲ್ವಾ? ಎರಡು ವರ್ಷದ ಹಿಂದೆ ನವೆಂಬರಿನಲ್ಲಿ ನಾನೇ ಒಂದು ಎಲ್ಕ್ ಹೊಡೆದೆ. ಅರವತ್ತು ಗಜ ದೂರ, .30-06 ಕೋವಿ, 180 ಗ್ರೇನ್ ತೂಕದ ಸಾಧಾರಣ ಸೀಸದ ಗುಂಡು. ಭುಜಕ್ಕೆ ಬಿತ್ತು, ಪ್ರಾಣಿ ಅಲ್ಲೇ ಕುಸಿಯಿತು. ಒಳ್ಳೆಯ ಈಡು ಅಂತ ಬೀಗಿದ್ದೆ. ಭುಜದ ಸುತ್ತ ರಕ್ತಗಟ್ಟಿದ ಮಾಂಸ ಕೊಯ್ದು ಎಸೆದು, ಉಳಿದದ್ದನ್ನು ಖೀಮಾ ಮಾಡಿ ಫ್ರೀಜರಿಗೆ ಹಾಕಿದೆವು. ಜನವರಿಯಲ್ಲಿ ಒಂದು ಭಾನುವಾರ ನನ್ನ ಹೆಂಡತಿ ಆ ಖೀಮಾಕ್ಕೆ ಮೆಣಸು, ಊರಿಂದ ತಂದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಕಲಸುತ್ತಿದ್ದಳು. ಕೈ ನಿಲ್ಲಿಸಿದಳು. ಬೆರಳುಗಳ ನಡುವೆ ಏನೋ ಉಜ್ಜಿ ನೋಡಿದಳು. "ಎಲುಬು ಅಲ್ಲ ರೀ ಇದು" ಅಂದಳು. ನಲ್ಲಿ ಕೆಳಗೆ ತೊಳೆದರೆ ಸಾಸಿವೆ ಕಾಳಿನಷ್ಟು ಬೂದು ಬಣ್ಣದ ಚೂರು. ಉಗುರಿನಿಂದ ಒತ್ತಿದರೆ ತಗ್ಗು ಬಿತ್ತು. ಸೀಸ. ಅದು ಭುಜದ ಮಾಂಸ ಅಲ್ಲ, ಗಾಯದಿಂದ ಒಂದು ಗೇಣು ಆಚೆಯ ಕತ್ತಿನ ಮಾಂಸ. ಊಟಕ್ಕೆ ಮಕ್ಕಳು ಆಗಲೇ ತಟ್ಟೆ ಹಾಕಿಕೊಂಡು ಕೂತಿದ್ದರು.

ಕಣ್ಣಿಗೆ ಬಿದ್ದದ್ದು ಒಂದು ಚೂರು. ಬೀಳದವು ಎಷ್ಟಿದ್ದವೋ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ದಾನ ಬಂದ ಜಿಂಕೆ ಮಾಂಸದ ಪೊಟ್ಟಣಗಳನ್ನು ಸ್ಕ್ಯಾನ್ ಮಾಡಿ, ಸೀಸದ ಚೂರು ಕಂಡು, ಎಸೆಯಲು ಹೇಳಿದ್ದರು. ಆಗ ನಾನೂ "ಅಯ್ಯೋ, ನಮ್ಮಜ್ಜ ಚರೆ ಉಗಿದುಕೊಂಡೇ ತೊಂಬತ್ತು ವರ್ಷ ಬದುಕಿದರು" ಅಂತ ಕೌಂಟರಿನಲ್ಲಿ ನಿಂತು ಜೋಕ್ ಮಾಡಿದವನೇ. ಸೀಸದ ಗುಂಡಿನ ಮಾಂಸ ತಿಂದವರೆಲ್ಲ ಕಾಯಿಲೆ ಬೀಳುತ್ತಾರೆ ಅಂತ ಈಗಲೂ ಹೇಳುತ್ತಿಲ್ಲ. ಆದರೆ ನನ್ನ ಮಕ್ಕಳಿಗೆ ಕೊಡದ್ದನ್ನು ನಿಮ್ಮ ಮಕ್ಕಳಿಗೆ ಅಂತ ಹೇಗೆ ಮಾರಲಿ? ಇನ್ನು ನಾವು ಕಾಡಿನಲ್ಲಿ ಬಿಟ್ಟು ಬರುವ ಕರುಳು, ಅದರ ಮೇಲೆ ಇಳಿಯುವ ಹದ್ದುಗಳು. 2022ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಇಲ್ಲಿನ ಬಾಲ್ಡ್ ಈಗಲ್ ಮತ್ತು ಗೋಲ್ಡನ್ ಈಗಲ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಸೀಸದ ವಿಷ ಮೂಳೆಗೆ ಸೇರಿದೆ.

ಈಗ ದುಡ್ಡಿನ ಮಾತು. ಇಪ್ಪತ್ತು ತೋಟಾದ ಪೆಟ್ಟಿಗೆಗೆ ನೀವು 38 ಡಾಲರ್ ಕೊಡುತ್ತಿದ್ದಿರಿ. ತಾಮ್ರದ್ದು ನಮ್ಮಲ್ಲಿ 60 ಡಾಲರ್. ಜಾಸ್ತಿಯೇ, ಒಪ್ಪುತ್ತೇನೆ. ಕ್ಷಮಿಸಿ ಅಂತಲೂ ಕೇಳುತ್ತೇನೆ. ಆದರೆ ಬಿಲ್ಲಿನ ಕೆಳಗೆ ಇನ್ನೊಂದು ಸಾಲು ಇದೆಯಲ್ಲ, 6.5 ಪರ್ಸೆಂಟ್, ಅದಕ್ಕೂ ನಮ್ಮನ್ನೇ ಬೈದರೆ ಹೊಟ್ಟೆ ಉರಿಯುತ್ತದೆ. 2024ರ ನವೆಂಬರಿನಲ್ಲಿ ಈ ರಾಜ್ಯದ ಮತದಾರರು ಒಪ್ಪಿದ ತೆರಿಗೆ ಅದು. 2025ರ ಏಪ್ರಿಲ್ 1ರಿಂದ ಬಂದೂಕು, ಅದರ ಕೆಲವು ಭಾಗಗಳು ಮತ್ತು ತೋಟಾಗಳ ಮೇಲೆ ಬಿದ್ದಿದೆ. 60 ಡಾಲರಿಗೆ 3 ಡಾಲರ್ 90 ಸೆಂಟ್. ಆ ದುಡ್ಡು ಅಪರಾಧಗಳಲ್ಲಿ ನೊಂದವರ ನೆರವಿಗೆ, ಮಾಜಿ ಸೈನಿಕರ ಮತ್ತು ಮಕ್ಕಳ ಮಾನಸಿಕ ಆರೋಗ್ಯಕ್ಕೆ, ಶಾಲೆಗಳ ಭದ್ರತೆಗೆ ಹೋಗುತ್ತದೆ. ಒಳ್ಳೆಯ ಕೆಲಸವೇ, ನನ್ನ ತಕರಾರಿಲ್ಲ. ಆದರೆ ಕಾನೂನಿನ ಪ್ರಕಾರ ಕಟ್ಟಬೇಕಾದವನು ಅಂಗಡಿಯವನು. ವರ್ಷಕ್ಕೆ 20,000 ಡಾಲರಿಗಿಂತ ಕಡಿಮೆ ವ್ಯಾಪಾರ ಇರುವವರಿಗೆ ಮಾಫಿ. ನಾವು ಅಷ್ಟು ಸಣ್ಣವರೂ ಅಲ್ಲ, ಈ ಹೊರೆ ನುಂಗಿಕೊಳ್ಳುವಷ್ಟು ದೊಡ್ಡವರೂ ಅಲ್ಲ. ಮೊದಲ ಆರು ತಿಂಗಳು ಅರ್ಧ ನಾವೇ ಹಾಕಿಕೊಂಡೆವು. ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು ಅಂತ ಈಗ ಅನ್ನಿಸುತ್ತಿದೆ. ಇದರ ಹಿಂದೆ 1937ರ ಕಾನೂನಿನ ಕೇಂದ್ರ ತೆರಿಗೆ 11 ಪರ್ಸೆಂಟ್ ಬೇರೆ ಇದೆ. ಅದನ್ನು ತಯಾರಕರು ಕಟ್ಟುತ್ತಾರೆ, ವನ್ಯಜೀವಿಗಳ ಉಳಿವಿಗೆ ಹೋಗುತ್ತದೆ, ನಮಗೆ ಬರುವ ಬೆಲೆಯಲ್ಲೇ ಸೇರಿರುತ್ತದೆ. ಸ್ಕೋಪ್ (ಕೋವಿಯ ಮೇಲೆ ಕೂರಿಸುವ ದುರ್ಬೀನು) ಮೇಲೆ 6.5 ಪರ್ಸೆಂಟ್ ತೆರಿಗೆ ಇಲ್ಲ. ಬಿಲ್ಲಿನಲ್ಲಿ ಯಾರಾದರೂ ಹಾಕಿದ್ದರೆ ವಾಪಸ್ ಕೇಳಿ.

ಇನ್ನು ಎಲ್ಲರೂ ಹೇಳುವ ಆ ಒಂದು ಮಾತು. "ತಾಮ್ರದ ಗುಂಡು ಸೂಜಿ ಹಾಗೆ ಈ ಕಡೆ ಹೊಕ್ಕು ಆ ಕಡೆ ಹೋಗುತ್ತೆ ಅಣ್ಣ, ಪ್ರಾಣಿ ಬೀಳಲ್ಲ." ಈ ವಾರದಲ್ಲೇ ಹನ್ನೊಂದು ಜನ ಹೇಳಿದ್ದಾರೆ. ಕುಳಿತು ಉತ್ತರ ಕೊಡುತ್ತೇನೆ.

ಸುಳ್ಳು ಅಂತ ಹೇಳುವುದಿಲ್ಲ. ಪೂರ್ತಿ ತಾಮ್ರದ ಗುಂಡು ಶುರುವಿನ ಕಾಲದಲ್ಲಿ ಕೆಲವು ಸಲ ಅರಳದೇ ಹೋಗಿದ್ದುಂಟು. ಈಗಿನ ಗುಂಡಿನ ಮೂತಿಯಲ್ಲಿ ಒಂದು ತೂತು, ಅದರ ಮೇಲೆ ಪ್ಲಾಸ್ಟಿಕ್ ತುದಿ. ಮೈಗೆ ಹೊಕ್ಕ ಕೂಡಲೇ ತೂತಿಗೆ ಒತ್ತಡ ಬಿದ್ದು ಮೂತಿ ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದೆ. ಬಾಳೆ ಹಣ್ಣಿನ ಸಿಪ್ಪೆ ಸುಲಿದ ಹಾಗೆ. ತೂಕ ಹೆಚ್ಚು ಕಡಿಮೆ ಪೂರ್ತಿ ಉಳಿಯುತ್ತದೆ, ಅದಕ್ಕೇ ಆಳಕ್ಕೆ ಹೋಗುತ್ತದೆ. ಆದರೆ ಬಿಚ್ಚಿಕೊಳ್ಳೋಕೆ ವೇಗ ಬೇಕು. ಪ್ರಾಣಿಗೆ ತಾಗುವಾಗ ಸೆಕೆಂಡಿಗೆ 2,000 ಅಡಿ ಇದ್ದರೆ ನೆಮ್ಮದಿ. ಅದಕ್ಕಿಂತ ನಿಧಾನವಾದರೆ ನೀವು ಹೇಳುವ ಸೂಜಿಯೇ.

ಹಾಗಾಗಿ ಸೀಸದ ಲೆಕ್ಕವನ್ನು ತಾಮ್ರಕ್ಕೆ ಹಾಕಬೇಡಿ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಹಳೆಯ ನಳಿಗೆಗಳು ಅಷ್ಟು ಉದ್ದದ ಗುಂಡನ್ನು ಸರಿಯಾಗಿ ತಿರುಗಿಸದೇ ಇರಬಹುದು. ಗುಂಡಿನ ತೂಕದಲ್ಲಿ ಒಂದು ಮೆಟ್ಟಿಲು ಇಳಿಯಿರಿ. .30-06ರಲ್ಲಿ 180 ಹೊಡೆಯುತ್ತಿದ್ದವರು 150 ಅಥವಾ 165. .270ರವರು 130. ಹಗುರ ಗುಂಡು ಜೋರಾಗಿ ಹೋಗುತ್ತದೆ, ಜೋರಾಗಿ ಹೋದರೆ ಅರಳುತ್ತದೆ. ಗುಂಡಿನ ತೂಕದಲ್ಲಿ ಇಲ್ಲಿನ ಕಾನೂನು ಎಲ್ಕ್‌ಗೆ ಕೇಳುವುದು ಕನಿಷ್ಠ 85 ಗ್ರೇನ್, ಜಿಂಕೆಗೆ 70, ಅಷ್ಟೇ. 6.5 ಕ್ರೀಡ್‌ಮೋರ್ ಕೋವಿ ಇರುವವರು ಎಲ್ಕ್ ಮೇಲೆ 300 ಗಜಕ್ಕೆ ನಿಲ್ಲಿಸಿ. ಅದರಾಚೆ ಹೊಡೆದ ವಿಡಿಯೋ ನನಗೆ ಕಳಿಸಬೇಡಿ.

ಇನ್ನೊಂದು, ಎಲ್ಲಿ ಹೊಡೆಯುತ್ತೀರಿ ಅನ್ನೋದು. ಎಲ್ಕ್ ನಮ್ಮ ಕಡವೆಯ ನೆಂಟ, ಆದರೆ ಅದಕ್ಕಿಂತ ಗಟ್ಟಿ ಆಸಾಮಿ. ದೊಡ್ಡ ಗಂಡು 700 ಪೌಂಡ್ ತೂಗುತ್ತದೆ. ಸೀಸದ ಗುಂಡಿನಲ್ಲಿ ಮಾಂಸ ಹಾಳಾಗಬಾರದು ಅಂತ ನಾವು ಭುಜದ ಹಿಂದೆ, ಪಕ್ಕೆಲುಬಿಗೆ ಹೊಡೆಯೋದು ಕಲಿತೆವು. ತಾಮ್ರಕ್ಕೆ ಆ ಹೆದರಿಕೆ ಕಡಿಮೆ. ಸ್ವಲ್ಪ ಮುಂದೆ, ಭುಜದ ಗೆರೆ ಹಿಡಿದು ಹೊಡೆಯಿರಿ. ಎಲುಬು ಸಿಕ್ಕಿದರೆ ಇನ್ನೂ ಒಳ್ಳೆಯದು. ಹೋದ ವರ್ಷ ಒಬ್ಬರು "ಎರಡು ಗುಂಡು ಹೊಡೆದೆ, ಪೆನ್ಸಿಲ್ ತೂತು ಅಷ್ಟೇ, ಸಂಜೆವರೆಗೂ ಹುಡುಕಿಸಿತು" ಅಂತ ಅಂಗಡಿಗೆ ಬಂದು ಪೆಟ್ಟಿಗೆ ಕೌಂಟರಿನ ಮೇಲೆ ಎಸೆದರು. ಫೋನಿನಲ್ಲಿ ಫೋಟೋ ತೋರಿಸಿ ಅಂದೆ. ಎರಡೂ ತೂತು ಹೊಟ್ಟೆಯಲ್ಲಿ. ಅಲ್ಲಿಗೆ ಯಾವ ಗುಂಡು ಹೊಡೆದರೂ ಸಂಜೆವರೆಗೆ ಹುಡುಕಬೇಕು. ಅವರಿಗೆ ಚಹಾ ಕೊಟ್ಟೆ, ದುಡ್ಡೂ ವಾಪಸ್ ಕೊಟ್ಟೆ. ಈ ವರ್ಷ ಮತ್ತೆ ಅದೇ ಪೆಟ್ಟಿಗೆ ಬುಕ್ ಮಾಡಿದ್ದಾರೆ. ಹೆಸರು ಹೇಳುವುದಿಲ್ಲ, ಅವರು ಇದನ್ನು ಓದುತ್ತಿದ್ದಾರೆ.

"ಹಾಗಾದ್ರೆ ನೋಸ್ಲರ್ ಪಾರ್ಟಿಷನ್ ಆದರೂ ಇಡಿ" ಅಂತ ಹಳಬರು ಕೇಳುತ್ತಾರೆ. ಆ ಗುಂಡಿನ ಮೇಲೆ ನನಗೂ ಗೌರವ ಇದೆ. ಜಾನ್ ನೋಸ್ಲರ್ 1940ರ ದಶಕದಲ್ಲಿ, ಮೂಸ್ ಬೇಟೆಯಲ್ಲಿ ಗುಂಡು ಮೈಮೇಲೇ ಒಡೆದು ಕೈಕೊಟ್ಟಿತು ಅಂತ ನಡುವೆ ಗೋಡೆ ಇಟ್ಟು ಮಾಡಿದ್ದು ಅದು. ಗೋಡೆಯ ಹಿಂದಿನ ಸೀಸ ಉಳಿಯುತ್ತದೆ, ಆಳಕ್ಕೆ ಹೋಗುತ್ತದೆ. ಮುಂದಿನ ಸೀಸ ಚದುರಲೆಂದೇ ಇರೋದು. ಚದುರಿದ್ದು ನನ್ನ ಖೀಮಾಕ್ಕೆ ಬರುತ್ತದೆ. ಅದಕ್ಕೇ ಬೇಡ ಅಂದೆ.

ಗುಂಡು ಬದಲಾದರೆ ಗುರಿಯೂ ಬದಲಾಗುತ್ತದೆ. ಇದು ದಯವಿಟ್ಟು ಗಮನವಿಟ್ಟು ಓದಿ, ಯಾಕೆಂದರೆ ಅಕ್ಟೋಬರಿನಲ್ಲಿ "ಸ್ಕೋಪ್ ಕೆಟ್ಟಿದೆ" ಅಂತ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಸ್ಕೋಪಿನದ್ದಲ್ಲ. ಹಳೆಯ ಗುಂಡಿಗೆ ಹೊಂದಿಸಿದ ಸ್ಕೋಪಿನಲ್ಲಿ ಹೊಸ ಗುಂಡು ನೂರು ಗಜಕ್ಕೇ ಮೂರು ಇಂಚು ಅತ್ತಿತ್ತ ಹೋಗಬಹುದು. ಮೊದಲು ನಳಿಗೆಯಲ್ಲಿ ಕೂತ ಹಳೆಯ ಕಿಲುಬನ್ನು ಪೂರ್ತಿ ತೆಗೆಯಬೇಕು. ತಾಮ್ರ ತೆಗೆಯುವ ದ್ರವ ಹಾಕಿ, ಚಿಂದಿಗೆ ನೀಲಿ ಹತ್ತುವುದು ನಿಲ್ಲುವ ತನಕ ಉಜ್ಜಿ. ಆಮೇಲೆ ನೂರು ಗಜದಲ್ಲಿ ಒಂದೂವರೆಯಿಂದ ಎರಡು ಇಂಚು ಮೇಲೆ ಬೀಳುವ ಹಾಗೆ ಹೊಂದಿಸಿ. .30-06, .270ರಲ್ಲಿ ಅದು 200 ಗಜಕ್ಕೆ ಸರಿಯಾಗಿ ಬರುತ್ತದೆ, 300ಕ್ಕೆ ಏಳೆಂಟು ಇಂಚು ಕೆಳಗೆ. ಎರಡು ಪೆಟ್ಟಿಗೆ ತೆಗೆದುಕೊಂಡವರಿಗೆ ಈ ಕೆಲಸ ನಮ್ಮ ರೇಂಜಿನಲ್ಲಿ (ಗುರಿ ಅಭ್ಯಾಸದ ಮೈದಾನ) ಪುಕ್ಕಟೆ, ಆಗಸ್ಟ್, ಸೆಪ್ಟೆಂಬರಿನ ಎಲ್ಲ ಶನಿವಾರ. ಸ್ಕೋಪ್ ಕೂರಿಸಿ, ಗುರಿ ಹೊಂದಿಸದೆ ಕೋವಿ ಕೈಗೆ ಕೊಡುವುದನ್ನೂ ನಿಲ್ಲಿಸಿದ್ದೇವೆ.

ಸ್ಕೋಪಿನ ಬಗ್ಗೆ ಜಾಸ್ತಿ ಹೇಳಲ್ಲ. 3-9x40 ಸಾಕು, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದೆ 40 ಮಿಲಿಮೀಟರ್ ಗಾಜು ಇರುವಂಥದ್ದು. ದೊಡ್ಡದು ಬೇಕು ಅಂತ ಹಟ ಹಿಡಿಯುವವರು ಸಂಜೆ ಒಮ್ಮೆ ನಮ್ಮ ಅಂಗಡಿ ಹಿಂದೆ ನಿಂತು ನೋಡಲಿ. 40ನ್ನು 9ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ ನಾಲ್ಕೂವರೆ ಮಿಲಿಮೀಟರಿಗೂ ಕಡಿಮೆ. 6ಕ್ಕೆ ಇಳಿಸಿದರೆ ಆರೂವರೆ ದಾಟುತ್ತದೆ, ಕತ್ತಲಲ್ಲಿ ಕರಗಿದ್ದ ಪ್ರಾಣಿ ಎದ್ದು ಬರುತ್ತದೆ. ಉಳಿದ ದುಡ್ಡನ್ನು 10x42 ಬೈನಾಕ್ಯುಲರಿಗೆ ಹಾಕಿ. ಸ್ಕೋಪಿನಲ್ಲಿ ಬೆಟ್ಟ ಹುಡುಕುವವನು ಕೋವಿಯನ್ನು ಯಾರದೋ ಎದೆಗೆ ಹಿಡಿದಿರುತ್ತಾನೆ.

ಮ್ಯಾಗ್ನಂ (ಹೆಚ್ಚು ಮದ್ದಿನ, ಜೋರಾಗಿ ಒದೆಯುವ ತೋಟಾ) ಯಾಕೆ ಹೊಗಳಲ್ಲ ಅಂತಲೂ ಕೇಳುತ್ತೀರಿ. ಮಾರುತ್ತೇವೆ, ಹೊಗಳಲ್ಲ. ಹೋದ ಸೆಪ್ಟೆಂಬರಿನಲ್ಲಿ .300 ವಿನ್ ಮ್ಯಾಗ್ ತಂದವರೊಬ್ಬರ ಕೋವಿಗೆ ನನ್ನ ತಮ್ಮ ಅವರಿಗೆ ಗೊತ್ತಾಗದ ಹಾಗೆ ಖಾಲಿ ತೋಟಾ ಹಾಕಿಕೊಟ್ಟ. ಕುದುರೆ ಎಳೆದರು. ಟಿಕ್ ಅಂತು ಅಷ್ಟೇ. ಆದರೆ ಒದೆತದ ಹೆದರಿಕೆಗೆ ನಳಿಗೆಯ ತುದಿ ನಾಲ್ಕು ಇಂಚು ಕೆಳಗೆ ಇಳಿಯಿತು, ಕಣ್ಣು ಗಟ್ಟಿ ಮುಚ್ಚಿತ್ತು. ಅವರೇ ನಕ್ಕುಬಿಟ್ಟರು. ಈಗ ಒದೆತ ಕಡಿಮೆಯ .308 ಇಟ್ಟುಕೊಂಡಿದ್ದಾರೆ.

ಹೊಸದಾಗಿ ಕೋವಿ ಕೊಳ್ಳುವವರು ಶುಕ್ರವಾರ ಬಂದು ಶನಿವಾರ ಕಾಡಿಗೆ ಹೋಗುವ ಯೋಚನೆ ಬಿಡಿ. 2023ರ ಅಕ್ಟೋಬರಿನಿಂದ ಇಲ್ಲಿ ಮೂರು ದಿನ ಕಾಯಲೇಬೇಕು. ಎಚ್1ಬಿ ಹುಡುಗರು ಹಂಟಿಂಗ್ ಲೈಸೆನ್ಸ್ ಮೊದಲು ತೆಗೆದುಕೊಂಡು ಬನ್ನಿ. ಅದಿಲ್ಲದೆ ನಿಮಗೆ ಕೋವಿಯೂ ಇಲ್ಲ, ತೋಟಾವೂ ಇಲ್ಲ. ಎಷ್ಟು ಗುರುತಿದ್ದರೂ ಕೊಡಲ್ಲ, ಬೇಜಾರು ಮಾಡ್ಕೋಬೇಡಿ.

ತಾಮ್ರದ ಗುಂಡು ನಿಮ್ಮ ಕೋವಿಗೆ ಹೊಂದಲೇ ಇಲ್ಲ ಅಂತಾದರೆ ಉಳಿದ ತೋಟಾ ವಾಪಸ್ ತನ್ನಿ, ಬೇರೆ ತೂಕದ್ದು ಕೊಡುತ್ತೇನೆ. ಒಡೆದ ಪೆಟ್ಟಿಗೆ ವಾಪಸ್ ತೆಗೆದುಕೊಳ್ಳುವ ಅಂಗಡಿ ನಾನು ಬೇರೆ ನೋಡಿಲ್ಲ. ಇದು ಈ ವರ್ಷಕ್ಕೆ ಮಾತ್ರ, ಆಮೇಲೆ ನಮಗೂ ಕಷ್ಟ.

ಸೆಪ್ಟೆಂಬರ್ ಮೊದಲ ಶನಿವಾರ ರೇಂಜಿನಲ್ಲಿ ಕೈಲ್‌ಮುಹೂರ್ತ (ಕೊಡಗಿನ ಆಯುಧ ಪೂಜೆಯ ಹಬ್ಬ) ಇದೆ, ಎಂದಿನಂತೆ. ಕೋವಿಗೆ ಹೂವು, ಆಮೇಲೆ ತೆಂಗಿನಕಾಯಿಗೆ ಗುಂಡು. ಈ ಸಲ ಎಲ್ಲರೂ ಹೊಸ ತೋಟಾದಲ್ಲೇ ಹೊಡೆಯುವುದು, ಮೊದಲ ಮೂರು ಈಡು ಅಂಗಡಿ ಲೆಕ್ಕದಲ್ಲಿ. ತೆಂಗಿನಕಾಯಿ ಡೆನ್ವರಿನಿಂದ ಬರಬೇಕು. ಆ ಕಡೆಯಿಂದ ಬರುವವರು ಒಂದು ಚೀಲ ಕಾರಿಗೆ ಹಾಕ್ಕೊಂಡು ಬನ್ನಿ, ದುಡ್ಡು ನಾನು ಕೊಡುತ್ತೇನೆ.

ನಿಮ್ಮ,
ಅಂಗಡಿ ಅಣ್ಣ, ಮತ್ತು ರೇಂಜಿನಲ್ಲಿ ಇರುವ ನನ್ನ ತಮ್ಮ